ಎರಡು ಗೆರೆಗಳ ವೈದ್ಯ: ಹ್ವಾಕಿನ್ ಅಲ್ಬರಾನ್

ಪ್ರಥಮ ಪಿಯುಸಿಯ ಜೀವಶಾಸ್ತ್ರದಲ್ಲಿ ಮಾನವನ ವಿಸರ್ಜನಾಂಗಗಳ ಚಿತ್ರ ಬಿಡಿಸದೆ ಮುಂದಿನ ತರಗತಿಗೆ ಹೋದ ವಿದ್ಯಾರ್ಥಿ ನಮ್ಮ ವಿಜ್ಞಾನ ವಿಭಾಗದಲ್ಲಿ ಇರಲಾರರು. ಹುರುಳಿಕಾಳಿನ ಆಕಾರದ ಎರಡು ಕಿಡ್ನಿಗಳನ್ನು ನಾವು ಬಹಳ ಜಾಗ್ರತೆಯಿಂದ ಬರೆಯುತ್ತೇವೆ. ಬಲಗಡೆಯದು ತುಸು ಕೆಳಗಿರಬೇಕೆಂದು ನೆನಪಿಟ್ಟುಕೊಳ್ಳುತ್ತೇವೆ. ಕೆಳಗೆ ಮೂತ್ರಾಶಯ ಬರೆಯುತ್ತೇವೆ. ಕೊನೆಗೆ ಎರಡನ್ನೂ ಸೇರಿಸಲು ಎರಡು ಗೆರೆ ಎಳೆದು 'ಯುರೇಟರ್' ಎಂದು ಗುರುತು ಮಾಡಿ ಪುಟ ತಿರುಗಿಸುತ್ತೇವೆ. ಆ ಎರಡು ಗೆರೆಗಳಿಗೆ ನಾವು ಕೊಡುವ ಸಮಯ ಐದು ಸೆಕೆಂಡ್ ಕೂಡ ಇರಲಿಕ್ಕಿಲ್ಲ.

ಆ ಎರಡು ಗೆರೆಗಳಿಗಾಗಿ ತನ್ನ ಬದುಕಿನ ಬಹುಪಾಲನ್ನು ಕೊಟ್ಟ ಒಬ್ಬ ವೈದ್ಯರಿದ್ದರು. ಅವರ ಹೆಸರು ಹ್ವಾಕಿನ್ ಅಲ್ಬರಾನ್. ಕ್ಯೂಬಾದಲ್ಲಿ ಹುಟ್ಟಿ, ಸ್ಪೇನ್‌ನಲ್ಲಿ ಓದಿ, ಪ್ಯಾರಿಸ್‌ನಲ್ಲಿ ಕೆಲಸ ಮಾಡಿ, 51ನೇ ವಯಸ್ಸಿನಲ್ಲೇ ತೀರಿಕೊಂಡ ಈ ಶಸ್ತ್ರಚಿಕಿತ್ಸಕರ ಹೆಸರನ್ನು ಇಂದಿಗೂ ಜಗತ್ತಿನ ಮೂತ್ರರೋಗ ತಜ್ಞರೆಲ್ಲರೂ ಬಲ್ಲರು. ಕಿಡ್ನಿಯನ್ನು ಸದ್ದಿಲ್ಲದೆ ಹಾಳುಮಾಡುವ ಒಂದು ಅಪರೂಪದ ಕಾಯಿಲೆಯನ್ನು ಮೊದಲು ವಿವರಿಸಿದವರೂ, ಅದಕ್ಕೆ ಶಸ್ತ್ರಚಿಕಿತ್ಸೆಯ ದಾರಿ ತೋರಿಸಿದವರೂ ಅವರೇ. ಅವರ ಬದುಕನ್ನು ತಿಳಿದರೆ ಆ ಕಾಯಿಲೆಯೂ ನಮಗೆ ಸುಲಭವಾಗಿ ಅರ್ಥವಾಗುತ್ತದೆ.

ಕ್ಯೂಬಾದಿಂದ ಪ್ಯಾರಿಸ್‌ವರೆಗೆ

ಅಲ್ಬರಾನ್ ಹುಟ್ಟಿದ್ದು 1860ರ ಮೇ 9ರಂದು, ಕ್ಯೂಬಾ ದ್ವೀಪದ ಸಾಗ್ವಾ ಲಾ ಗ್ರಾಂಡೆ ಎಂಬ ಊರಿನಲ್ಲಿ. ಅದು ಕಬ್ಬು ಬೆಳೆಯುವ ಸೀಮೆ. ಕ್ಯೂಬಾ ಆಗ ಸ್ಪೇನ್ ದೇಶದ ವಸಾಹತು. ಬಾಲಕ ಹ್ವಾಕಿನ್‌ಗೆ ಎಂಟು ವರ್ಷವಾಗಿದ್ದಾಗ, ಅಂದರೆ 1868ರಲ್ಲಿ, ಅಲ್ಲಿ ಸ್ಪೇನ್ ವಿರುದ್ಧ ಸ್ವಾತಂತ್ರ್ಯ ಯುದ್ಧ ಆರಂಭವಾಯಿತು. ಅದು ಹತ್ತು ವರ್ಷ ನಡೆಯಿತು. ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಎಳವೆಯಲ್ಲೇ ಹೆತ್ತವರ ಆಸರೆ ತಪ್ಪಿತು. ಆಗ ಆ ಅನಾಥ ಬಾಲಕನ ಕೈಹಿಡಿದವರು ಅವನ ಧರ್ಮಪಿತರು. ವೃತ್ತಿಯಿಂದ ಅವರೂ ವೈದ್ಯರು. ಹುಡುಗನ ಬುದ್ಧಿ ಚುರುಕಾಗಿರುವುದನ್ನು ಕಂಡು ಅವನ ಓದು ನಿಲ್ಲದಂತೆ ನೋಡಿಕೊಂಡರು. ಹವಾನಾದಲ್ಲಿ ಶಾಲೆ ಕಲಿತ ಬಾಲಕ ಮುಂದೆ ಸಮುದ್ರ ದಾಟಿ ಸ್ಪೇನ್‌ನ ಬಾರ್ಸಿಲೋನಾ ಸೇರಿದ.

ಅಲ್ಲಿ ಅವನು ವೈದ್ಯಕೀಯ ಪದವಿ ಮುಗಿಸಿದ್ದು 1877ರಲ್ಲಿ. ಆಗ ಅವನ ವಯಸ್ಸು ಕೇವಲ 17. ನಮ್ಮ ಕಾಲೇಜಿನ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳ ವಯಸ್ಸು! ಮರುವರ್ಷ ಮ್ಯಾಡ್ರಿಡ್‌ನಲ್ಲಿ ಡಾಕ್ಟರೇಟ್ ಕೂಡ ದೊರೆಯಿತು. ಊರಿಗೆ ಮರಳಿ ಒಂದು ದವಾಖಾನೆ ತೆರೆದಿದ್ದರೆ ಅವನ ಜೀವನ ಸುಖವಾಗಿ ಸಾಗುತ್ತಿತ್ತು. ಆದರೆ ತನಗೆ ತಿಳಿದಿರುವುದು ಸಾಲದು ಎಂದು ಆ ಯುವಕನಿಗೆ ಅನ್ನಿಸಿತು. ಆ ಕಾಲದಲ್ಲಿ ಹೊಸ ವೈದ್ಯಕೀಯ ವಿಜ್ಞಾನ ರೂಪುಗೊಳ್ಳುತ್ತಿದ್ದದ್ದು ಪ್ಯಾರಿಸ್‌ನಲ್ಲಿ ಮತ್ತು ಜರ್ಮನಿಯಲ್ಲಿ. ಅಲ್ಬರಾನ್ ಪ್ಯಾರಿಸ್‌ಗೆ ಹೊರಟರು.

ಪ್ಯಾರಿಸ್‌ನಲ್ಲಿ ಅವರು ಲೂಯಿ ರಾನ್ವಿಯರ್ ಅವರ ಪ್ರಯೋಗಾಲಯ ಸೇರಿದರು. ಈ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ನರಕೋಶದ ಚಿತ್ರದಲ್ಲಿ ಆಕ್ಸಾನ್ ಮೇಲಿನ ಸಣ್ಣ ಅಂತರಗಳನ್ನು ನಾವು 'ನೋಡ್ಸ್ ಆಫ್ ರಾನ್ವಿಯರ್' ಎಂದು ಗುರುತಿಸುತ್ತೇವಲ್ಲ, ಅದೇ ರಾನ್ವಿಯರ್. ಅಂಗಾಂಶಗಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ನೋಡುವ ಕಲೆಯಲ್ಲಿ ಅವರು ಆ ಕಾಲದ ದೊಡ್ಡ ಗುರು. ಅಲ್ಬರಾನ್ ಅಲ್ಲಿ ಕಲಿತದ್ದು ಕಣ್ಣಿನ ತಾಳ್ಮೆ. ಹೊರಗಿನ ಲಕ್ಷಣ ನೋಡಿ ಊಹೆ ಮಾಡದೆ, ಒಳಗೆ ಏನಾಗಿದೆ ಎಂದು ನೋಡಿ ತಿಳಿಯುವ ಅಭ್ಯಾಸ ಅವರಿಗೆ ಅಂಟಿಕೊಂಡಿತು.

ಫ್ರಾನ್ಸ್‌ನಲ್ಲಿ ವೈದ್ಯರಾಗಬೇಕಾದರೆ ಅಲ್ಲಿನ ಪರೀಕ್ಷೆಗಳನ್ನೇ ಪಾಸು ಮಾಡಬೇಕಿತ್ತು. ಕೈಯಲ್ಲಿ ಡಾಕ್ಟರೇಟ್ ಇದ್ದರೂ ಅಲ್ಬರಾನ್ ಮತ್ತೆ ವಿದ್ಯಾರ್ಥಿಯಾದರು. ತಾಯ್ನುಡಿ ಸ್ಪ್ಯಾನಿಷ್, ಪರೀಕ್ಷೆ ಫ್ರೆಂಚ್‌ನಲ್ಲಿ. ಮನೆಯಲ್ಲಿ ಒಂದು ಭಾಷೆ, ತರಗತಿಯಲ್ಲಿ ಇನ್ನೊಂದು ಭಾಷೆ ಬಳಸುವ ನಮಗೆ ಆ ಕಷ್ಟ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪ್ಯಾರಿಸ್ ಆಸ್ಪತ್ರೆಗಳ ಇಂಟರ್ನ್ ಆಯ್ಕೆ ಬಹಳ ಕಠಿಣವಾದ ಸ್ಪರ್ಧೆ. ಹೊರನಾಡಿನಿಂದ ಬಂದ ಈ ಯುವಕ ಅದರಲ್ಲಿ ಗೆದ್ದದ್ದಲ್ಲದೆ, ಮುಂದೆ ಇಂಟರ್ನ್‌ಗಳಿಗೆ ಮೀಸಲಾದ ಚಿನ್ನದ ಪದಕವನ್ನೂ ಪಡೆದರು.

ನೆಕರ್ ಆಸ್ಪತ್ರೆಯ ಗುರು

ಪ್ಯಾರಿಸ್‌ನ ನೆಕರ್ ಆಸ್ಪತ್ರೆ ಮೂತ್ರರೋಗಗಳ ಚಿಕಿತ್ಸೆಗೆ ಹೆಸರಾದ ಸ್ಥಳ. ಅಲ್ಲಿನ ಮುಖ್ಯಸ್ಥರು ಫೆಲಿಕ್ಸ್ ಗಿಯೋನ್. ಅವರೂ ಒಂದು ದ್ವೀಪದವರೇ. ಹಿಂದೂ ಮಹಾಸಾಗರದ ರಿಯೂನಿಯನ್ ಅವರ ಹುಟ್ಟೂರು. 1890ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯ ಮೂತ್ರರೋಗಗಳಿಗಾಗಿ ಪ್ರತ್ಯೇಕ ಪೀಠ ಆರಂಭಿಸಿದಾಗ ಅದರ ಮೊದಲ ಪ್ರಾಧ್ಯಾಪಕರಾದವರು ಗಿಯೋನ್. ಈ ಗುರುವಿನ ಬಳಿ ಅಲ್ಬರಾನ್ ತಮ್ಮ ದಾರಿಯನ್ನು ಕಂಡುಕೊಂಡರು.

1888ರಲ್ಲಿ ಅಲ್ಬರಾನ್ ಮತ್ತು ಅವರ ಸಹೋದ್ಯೋಗಿ ಹಾಲೆ ಒಂದು ಮುಖ್ಯ ಸಂಗತಿಯನ್ನು ತಿಳಿಸಿದರು. ಮೂತ್ರದ ಸೋಂಕು ಇರುವವರಲ್ಲಿ ಕೀವು ಉಂಟುಮಾಡುವ ಒಂದು ಬ್ಯಾಕ್ಟೀರಿಯಾ ಪದೇ ಪದೇ ಕಾಣಿಸುತ್ತದೆ ಎಂಬುದು ಆ ಸಂಗತಿ. ನಾವು ಇಂದು ಇ. ಕೋಲೈ ಎಂದು ಕರೆಯುವ ಗುಂಪಿಗೆ ಅದು ಸೇರಿದ್ದೆಂದು ಆಮೇಲೆ ಗೊತ್ತಾಯಿತು. ಮರುವರ್ಷ, 1889ರಲ್ಲಿ, ಅಲ್ಬರಾನ್ ಪ್ಯಾರಿಸ್‌ನಲ್ಲಿ ಸಲ್ಲಿಸಿದ ಪ್ರಬಂಧವೂ ಇದೇ ವಿಷಯದ್ದು. ಮೂತ್ರದ ದಾರಿಯಲ್ಲಿ ತೊಂದರೆ ಇರುವವರ ಕಿಡ್ನಿಗೆ ಏನಾಗುತ್ತದೆ ಎಂಬುದು ಅದರ ಪ್ರಶ್ನೆ. ಕೆಳಗಿನ ದಾರಿ ಕಟ್ಟಿಕೊಂಡರೆ ಮೇಲಿನ ಕಿಡ್ನಿ ಹಾಳಾಗುತ್ತದೆ ಎಂಬ ಈ ಯೋಚನೆ ಅವರ ಜೀವನದ ಉದ್ದಕ್ಕೂ ಅವರ ಜೊತೆಗಿತ್ತು. 1892ರಲ್ಲಿ ಮೂತ್ರಾಶಯದ ಗೆಡ್ಡೆಗಳ ಕುರಿತು ಅವರ ದೊಡ್ಡ ಗ್ರಂಥ ಬಂತು.

ಒಂದು ಪುಟ್ಟ ಉಗುರು

ಆ ದಿನಗಳ ವೈದ್ಯರ ಪರಿಸ್ಥಿತಿಯನ್ನು ಊಹಿಸಿಕೊಳ್ಳಿ. ಅಲ್ಟ್ರಾಸೌಂಡ್ ಇಲ್ಲ, ಸಿಟಿ ಸ್ಕ್ಯಾನ್ ಇಲ್ಲ. ಎಕ್ಸ್‌-ರೇ ಕೂಡ ಕಂಡುಬಂದದ್ದು 1895ರಲ್ಲಿ. ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನೆಲುಬಿನ ಎರಡೂ ಬದಿಗೆ ಅಡಗಿ ಕುಳಿತ ಕಿಡ್ನಿಗಳಲ್ಲಿ ಯಾವುದು ಚೆನ್ನಾಗಿದೆ, ಯಾವುದು ಕೆಟ್ಟಿದೆ ಎಂದು ತಿಳಿಯುವುದು ಹೇಗೆ? ರೋಗಿಯ ಮೂತ್ರ ಪರೀಕ್ಷಿಸಿದರೆ ಎರಡೂ ಕಿಡ್ನಿಗಳದ್ದು ಬೆರೆತೇ ಬರುತ್ತದೆ.

ಇದು ಪ್ರಾಣದ ಪ್ರಶ್ನೆಯಾಗಿತ್ತು. 1869ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಗುಸ್ಟಾವ್ ಸೈಮನ್ ಎಂಬ ಶಸ್ತ್ರಚಿಕಿತ್ಸಕರು ಒಬ್ಬ ಮಹಿಳೆಯ ಒಂದು ಕಿಡ್ನಿಯನ್ನು ಯೋಜನಾಬದ್ಧವಾಗಿ ತೆಗೆದು, ಒಂದೇ ಕಿಡ್ನಿಯಲ್ಲಿ ಮನುಷ್ಯ ಬದುಕಬಲ್ಲ ಎಂದು ತೋರಿಸಿದ್ದರು. ಕ್ಷಯ ತಗುಲಿದ ಕಿಡ್ನಿಗೆ ಆಗ ಔಷಧಿ ಇರಲಿಲ್ಲ. ತೆಗೆದುಹಾಕುವುದೊಂದೇ ದಾರಿ. ಆದರೆ ಉಳಿಯುವ ಇನ್ನೊಂದು ಕಿಡ್ನಿ ಕೆಲಸ ಮಾಡದಿದ್ದರೆ? ಆಗ ಶಸ್ತ್ರಚಿಕಿತ್ಸೆಯೇ ರೋಗಿಯ ಸಾವಿಗೆ ಕಾರಣವಾಗುತ್ತಿತ್ತು.

ಮೂತ್ರಾಶಯದ ಒಳಗನ್ನು ಬೆಳಕಿನ ನೆರವಿನಿಂದ ನೋಡುವ ಸಿಸ್ಟೊಸ್ಕೋಪ್ ಎಂಬ ಕೊಳವೆಯನ್ನು ಜರ್ಮನಿಯ ಮ್ಯಾಕ್ಸ್ ನಿಟ್ಸೆ 1870ರ ದಶಕದ ಕೊನೆಯಲ್ಲಿ ಮಾಡಿದ್ದರು. ಅದರಲ್ಲಿ ಎರಡು ಯುರೇಟರ್‌ಗಳ ಬಾಯಿಗಳು ಕಾಣುತ್ತಿದ್ದವು. ಆ ಬಾಯಿಯೊಳಗೆ ಒಂದು ತೆಳು ನಳಿಗೆ ತೂರಿಸಿದರೆ ಒಂದೊಂದು ಕಿಡ್ನಿಯ ಮೂತ್ರವನ್ನು ಪ್ರತ್ಯೇಕವಾಗಿ ಹಿಡಿಯಬಹುದು. ಆದರೆ ತೊಂದರೆ ಇದ್ದದ್ದು ಇಲ್ಲಿ: ಸಿಸ್ಟೊಸ್ಕೋಪಿನಿಂದ ಹೊರಬರುವ ನಳಿಗೆ ನೇರವಾಗಿ ಮುಂದಕ್ಕೆ ಹೋಗುತ್ತದೆ, ಯುರೇಟರಿನ ಬಾಯಿ ಇರುವುದು ಪಕ್ಕದ ಗೋಡೆಯಲ್ಲಿ ಓರೆಯಾಗಿ. ಕೆಲವರು ಇದಕ್ಕೆ ಉಪಕರಣ ಮಾಡಿದ್ದರೂ ಬಳಸುವುದು ಕಷ್ಟವಾಗಿತ್ತು.

1897ರಲ್ಲಿ ಅಲ್ಬರಾನ್ ಇದಕ್ಕೆ ಸರಳವಾದ ಪರಿಹಾರ ಕಂಡುಹಿಡಿದರು. ಸಿಸ್ಟೊಸ್ಕೋಪಿನ ತುದಿಯಲ್ಲಿ ಮೇಲೆ ಕೆಳಗೆ ಆಡುವ ಒಂದು ಪುಟ್ಟ ಲೋಹದ ನಾಲಗೆ ಜೋಡಿಸಿದರು. ಫ್ರೆಂಚರು ಅದನ್ನು ಕರೆದದ್ದು ಪುಟ್ಟ ಉಗುರು ಎಂಬ ಅರ್ಥದ ಪದದಿಂದ. ವೈದ್ಯರು ಹೊರಗೆ ಒಂದು ತಿರುಪು ತಿರುಗಿಸಿದರೆ ಒಳಗೆ ಆ ಉಗುರು ಎದ್ದು ನಿಂತು, ನಳಿಗೆಯನ್ನು ಬೇಕಾದ ಕೋನಕ್ಕೆ ಬಾಗಿಸುತ್ತದೆ. ನಳಿಗೆ ಸಲೀಸಾಗಿ ಯುರೇಟರಿನೊಳಗೆ ಹೋಗುತ್ತದೆ. ಇಷ್ಟೇ. ಆದರೆ ಈ ಇಷ್ಟರಿಂದ ಮೂತ್ರರೋಗ ಶಾಸ್ತ್ರದ ದಿಕ್ಕೇ ಬದಲಾಯಿತು. ಇಂದಿಗೂ ಸಿಸ್ಟೊಸ್ಕೋಪ್‌ಗಳಲ್ಲಿ 'ಅಲ್ಬರಾನ್ ಲಿವರ್' ಇದೆ. ಪಿತ್ತನಾಳ ಪರೀಕ್ಷಿಸುವ ಎಂಡೋಸ್ಕೋಪ್‌ಗಳಲ್ಲೂ ಇದೇ ಉಪಾಯ, ಇದೇ ಹೆಸರಿನಲ್ಲಿ ಬಳಕೆಯಲ್ಲಿದೆ.

ಎರಡು ಕಿಡ್ನಿ, ಎರಡು ಲೆಕ್ಕ

ಪ್ರತಿ ಕಿಡ್ನಿಯ ಮೂತ್ರ ಪ್ರತ್ಯೇಕವಾಗಿ ಸಿಕ್ಕ ಮೇಲೆ ಅಲ್ಬರಾನ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ರೋಗಿಗೆ ನೀರು ಕುಡಿಸಿ, ಎರಡೂ ಕಿಡ್ನಿಗಳಿಂದ ಬರುವ ಮೂತ್ರವನ್ನು ನಿಗದಿತ ಅವಧಿಗೊಮ್ಮೆ ಅಳೆದರು. ಆರೋಗ್ಯವಂತ ಕಿಡ್ನಿ ನೀರು ಹೆಚ್ಚಾದ ಕೂಡಲೇ ತನ್ನ ಕೆಲಸದ ರೀತಿಯನ್ನು ಬದಲಿಸುತ್ತದೆ. ಮೂತ್ರದ ಪ್ರಮಾಣ ಏರುತ್ತದೆ, ಸಾಂದ್ರತೆ ಇಳಿಯುತ್ತದೆ. ರೋಗಗ್ರಸ್ತ ಕಿಡ್ನಿಗೆ ಹಾಗೆ ಬದಲಾಗುವ ಶಕ್ತಿ ಇಲ್ಲ. ನೀರು ಕುಡಿದರೂ ಕುಡಿಯದಿದ್ದರೂ ಅದರ ಕೆಲಸ ಹೆಚ್ಚುಕಡಿಮೆ ಒಂದೇ ರೀತಿ.

ಎಷ್ಟು ಸರಳ, ಎಷ್ಟು ಆಳವಾದ ಮಾತು! ಪರಿಸ್ಥಿತಿಗೆ ತಕ್ಕಂತೆ ಬದಲಾಗಬಲ್ಲದ್ದೇ ಆರೋಗ್ಯದ ಗುರುತು. ಈ ಅಧ್ಯಯನಗಳನ್ನೆಲ್ಲ ಸೇರಿಸಿ 1905ರಲ್ಲಿ ಅವರು ಕಿಡ್ನಿಯ ಕಾರ್ಯಪರೀಕ್ಷೆಯ ಕುರಿತು ಗ್ರಂಥ ಪ್ರಕಟಿಸಿದರು. ಯಾವ ಕಿಡ್ನಿಯನ್ನು ತೆಗೆಯಬಹುದು, ಯಾವುದನ್ನು ಮುಟ್ಟಬಾರದು ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ತೀರ್ಮಾನಿಸಲು ಇಂತಹ ಪರೀಕ್ಷೆಗಳು ನೆರವಾದವು.

1905: ಕಿಡ್ನಿಯದ್ದಲ್ಲದ ತಪ್ಪು

ಅದೇ 1905ರಲ್ಲಿ ಅಲ್ಬರಾನ್ ಫ್ರಾನ್ಸಿನ ಮೂತ್ರರೋಗ ತಜ್ಞರ ಮುಂದೆ ಇನ್ನೊಂದು ವಿಷಯ ಮಂಡಿಸಿದರು. ಆ ದಿನ ಅದು ಸಣ್ಣ ವಿಷಯವಾಗಿ ಕಂಡಿರಬಹುದು. ಈ ಲೇಖನದ ಮುಖ್ಯ ವಿಷಯ ಅದೇ.

ಯುರೇಟರ್ ಸುಮಾರು 25ರಿಂದ 30 ಸೆಂಟಿಮೀಟರ್ ಉದ್ದ, ಕೆಲವೇ ಮಿಲಿಮೀಟರ್ ಅಗಲದ ಮೆತ್ತನೆಯ ನಾಳ. ಅದು ಸುಮ್ಮನೆ ನೀರು ಹರಿಯುವ ಪೈಪ್ ಅಲ್ಲ. ಅದರ ಗೋಡೆಯ ಸ್ನಾಯುಗಳು ಅಲೆ ಅಲೆಯಾಗಿ ಸಂಕುಚಿಸಿ ಮೂತ್ರವನ್ನು ಕೆಳಕ್ಕೆ ತಳ್ಳುತ್ತವೆ. ಅದು ಹಾದುಹೋಗುವುದು ಕರುಳುಗಳನ್ನು ಹೊದ್ದಿರುವ ಪೆರಿಟೋನಿಯಮ್ ಎಂಬ ಪೊರೆಯ ಹಿಂದಿನಿಂದ. ದೇಹದ ಅತಿ ದೊಡ್ಡ ರಕ್ತನಾಳವಾದ ಮಹಾಪಧಮನಿ ಕೂಡ ಅದೇ ಹಿಂಬದಿಯ ಜಾಗದಲ್ಲಿದೆ.

ಕೆಲವೊಮ್ಮೆ ಈ ಜಾಗದಲ್ಲಿ ಉರಿಯೂತ ಉಂಟಾಗಿ, ಕ್ರಮೇಣ ಗಟ್ಟಿಯಾದ ನಾರಿನಂತಹ ಅಂಗಾಂಶ ಬೆಳೆಯುತ್ತದೆ. ಗಾಯ ಮಾಗಿದ ಮೇಲೆ ಚರ್ಮದ ಮೇಲೆ ಉಳಿಯುವ ಗಟ್ಟಿ ಕಲೆಯನ್ನು ನೆನಪಿಸಿಕೊಳ್ಳಿ. ಅಂಥದ್ದೇ ಒಂದು ಹಾಳೆ ಹೊಟ್ಟೆಯ ಹಿಂಭಾಗದಲ್ಲಿ ಹರಡಿದಂತೆ. ಅದು ಮಹಾಪಧಮನಿಯನ್ನು ಸುತ್ತುತ್ತದೆ, ಅಕ್ಕಪಕ್ಕದ ಯುರೇಟರ್‌ಗಳನ್ನು ಒಳಕ್ಕೆ ಎಳೆದು ಹಿಂಡುತ್ತದೆ. ನಾಳದ ಅಲೆಯಂತಹ ಚಲನೆ ನಿಲ್ಲುತ್ತದೆ. ಮೂತ್ರ ಕೆಳಗಿಳಿಯದೆ ಮೇಲೆ ನಿಂತು ಕಿಡ್ನಿ ಉಬ್ಬುತ್ತದೆ. ಒತ್ತಡ ಹೆಚ್ಚಿ, ಕಿಡ್ನಿಯ ಕೆಲಸ ಕುಂದಿ, ಕೊನೆಗೆ ನಿಂತೇ ಹೋಗಬಹುದು. ಗಮನಿಸಿ: ಇಲ್ಲಿ ಕಿಡ್ನಿಯದ್ದು ಏನೂ ತಪ್ಪಿಲ್ಲ. ನಾಳದ ಒಳಗೆ ಕಲ್ಲಿಲ್ಲ, ಗೆಡ್ಡೆಯಿಲ್ಲ. ತಪ್ಪು ಇರುವುದು ಸುತ್ತಮುತ್ತ. ಇದನ್ನೇ ಇಂದು ರೆಟ್ರೊಪೆರಿಟೋನಿಯಲ್ ಫೈಬ್ರೋಸಿಸ್ ಎನ್ನುತ್ತಾರೆ.

ಅಲ್ಬರಾನ್ 1905ರಲ್ಲಿ ವಿವರಿಸಿದ್ದು ಇಂತಹ ತಡೆಯನ್ನೇ. ಜೊತೆಗೆ ಚಿಕಿತ್ಸೆಯನ್ನೂ ಹೇಳಿದರು: ಕಿಡ್ನಿಯನ್ನು ತೆಗೆಯಬೇಡಿ, ನಾಳವನ್ನೂ ಕತ್ತರಿಸಬೇಡಿ, ನಾಳದ ಹೊರಗಿನಿಂದ ಆ ಗಟ್ಟಿ ಅಂಗಾಂಶವನ್ನು ಬಿಡಿಸಿ ಯುರೇಟರನ್ನು ಬಿಡುಗಡೆ ಮಾಡಿ ಎಂಬುದು ಅದರ ಸಾರ. ಬಿಗಿ ಸಡಿಲಿದರೆ ನಾಳ ಮತ್ತೆ ಚಲಿಸುತ್ತದೆ, ಮೂತ್ರ ಇಳಿಯುತ್ತದೆ, ಕಿಡ್ನಿ ಉಳಿಯುತ್ತದೆ. ಇಂದು ಶಸ್ತ್ರಚಿಕಿತ್ಸಕರು ಯುರೇಟರೋಲೈಸಿಸ್ ಎಂದು ಕರೆಯುವ ಕ್ರಮ ಇದೇ. ಕಿಡ್ನಿ ತೆಗೆಯುವುದರಲ್ಲಿ ನಿಪುಣರಾಗಿದ್ದ ವೈದ್ಯರೊಬ್ಬರು, ತೆಗೆಯದೆ ಉಳಿಸುವ ದಾರಿ ಹುಡುಕಿದ್ದು ಅವರ ದೊಡ್ಡತನ.

ಕೊನೆಯ ವರ್ಷಗಳು

1906ರಲ್ಲಿ ಗಿಯೋನ್ ನಿವೃತ್ತರಾದಾಗ ಅವರ ಪೀಠಕ್ಕೆ ಅಲ್ಬರಾನ್ ಬಂದರು. ಕಬ್ಬಿನ ನಾಡಿನ ಅನಾಥ ಬಾಲಕ 46ನೇ ವಯಸ್ಸಿನಲ್ಲಿ ಪ್ಯಾರಿಸ್‌ನ ನೆಕರ್ ಆಸ್ಪತ್ರೆಯ ಪ್ರಾಧ್ಯಾಪಕ! ಬೇರೆ ಬೇರೆ ದೇಶಗಳ ವೈದ್ಯರು ಅವರಲ್ಲಿ ಕಲಿಯಲು ಬರುತ್ತಿದ್ದರು. 1909ರಲ್ಲಿ ಮೂತ್ರಾಂಗಗಳ ಶಸ್ತ್ರಚಿಕಿತ್ಸೆಯ ಬಗ್ಗೆ ಅವರ ಮಹಾಗ್ರಂಥ ಹೊರಬಂತು. ಹಲವು ವರ್ಷಗಳ ಅನುಭವವನ್ನು ಹೆಜ್ಜೆ ಹೆಜ್ಜೆಯಾಗಿ, ಚಿತ್ರಗಳ ಸಮೇತ ಅದರಲ್ಲಿ ಇಳಿಸಿದ್ದರು.

ಆದರೆ ಅವರಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಅವರ ದೇಹವನ್ನು ಕ್ಷಯ ಆವರಿಸಿತು. ಯಾವ ಕಾಯಿಲೆ ತಗುಲಿದ ಕಿಡ್ನಿಗಳಿಂದ ಎಷ್ಟೋ ರೋಗಿಗಳನ್ನು ಪಾರುಮಾಡುವ ವಿದ್ಯೆಯನ್ನು ಅವರು ಬೆಳೆಸಿದ್ದರೋ ಅದೇ ಕಾಯಿಲೆ. ಕ್ಷಯದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ 1882ರಲ್ಲೇ ಕಂಡುಹಿಡಿದಿದ್ದರು. ಆದರೆ ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಬರಲು 1940ರ ದಶಕದವರೆಗೆ ಕಾಯಬೇಕಿತ್ತು. ಅಲ್ಬರಾನ್ ಆ ನಡುವಿನ ಕಾಲದವರು. ರೋಗದ ಕಾರಣ ಗೊತ್ತಿತ್ತು, ಔಷಧಿ ಇರಲಿಲ್ಲ. 1912ರ ಜನವರಿ 17ರಂದು ಅವರು ಕೊನೆಯುಸಿರೆಳೆದರು.

ಅವರು ಮರಳಿ ನೆಲೆಸದ ಹುಟ್ಟುನಾಡು ಅವರನ್ನು ಮರೆಯಲಿಲ್ಲ. ಹವಾನಾದಲ್ಲಿ ಇಂದು ಅವರ ಹೆಸರಿನ ಆಸ್ಪತ್ರೆ ಇದೆ. ಪ್ಯಾರಿಸ್ ಕೂಡ ಒಂದು ಆಸ್ಪತ್ರೆಯ ಕಟ್ಟಡಕ್ಕೆ ಅವರ ಹೆಸರಿಟ್ಟು ಗೌರವಿಸಿತು.

43 ವರ್ಷಗಳ ಮೌನ

ಅಲ್ಬರಾನ್ ಅವರ 1905ರ ವಿವರಣೆಗೆ ಏನಾಯಿತು? ಅದು ಫ್ರೆಂಚ್ ಭಾಷೆಯ ವರದಿಯೊಂದರಲ್ಲಿ ಉಳಿಯಿತು. ಇಂಗ್ಲಿಷ್ ಓದುವ ವೈದ್ಯಲೋಕಕ್ಕೆ ಆ ಕಾಯಿಲೆ ಪರಿಚಿತವಾಗಲೇ ಇಲ್ಲ.

1948ರಲ್ಲಿ ಅಮೆರಿಕದ ಮೂತ್ರರೋಗ ತಜ್ಞ ಜಾನ್ ಆರ್ಮಂಡ್ ಇಬ್ಬರು ರೋಗಿಗಳ ವಿವರವನ್ನು ಇಂಗ್ಲಿಷ್‌ನಲ್ಲಿ ಪ್ರಕಟಿಸಿದರು. ಇಬ್ಬರಲ್ಲೂ ಎರಡೂ ಯುರೇಟರ್‌ಗಳು ಉರಿಯೂತದ ಅಂಗಾಂಶದಲ್ಲಿ ಸಿಲುಕಿ ಹಿಂಡಲ್ಪಟ್ಟಿದ್ದವು. ಆಮೇಲೆ ಜಗತ್ತಿನ ನಾನಾ ಕಡೆಗಳಿಂದ ಇಂತಹ ರೋಗಿಗಳ ವರದಿಗಳು ಬರತೊಡಗಿದವು. ಕಾಯಿಲೆಗೆ 'ಆರ್ಮಂಡ್ ಡಿಸೀಸ್' ಎಂಬ ಹೆಸರು ಬಂತು. ಇದರಲ್ಲಿ ಆರ್ಮಂಡ್ ಅವರ ತಪ್ಪೇನೂ ಇಲ್ಲ. ಅವರು ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದರು. ಇಂದು ಕೆಲವರು ನ್ಯಾಯವಾಗಿ ಎರಡೂ ಹೆಸರು ಸೇರಿಸಿ 'ಅಲ್ಬರಾನ್–ಆರ್ಮಂಡ್' ಎನ್ನುತ್ತಾರೆ. ಆದರೆ ನಡುವಿನ 43 ವರ್ಷಗಳಲ್ಲಿ, ಕಾರಣ ತಿಳಿಯದೆ ಕಿಡ್ನಿ ಕಳೆದುಕೊಂಡವರು ಎಷ್ಟು ಮಂದಿ ಇದ್ದಿರಬಹುದು! ಒಂದು ಭಾಷೆಯಲ್ಲಿರುವ ಜ್ಞಾನ ಇನ್ನೊಂದು ಭಾಷೆಗೆ ಹೋಗದಿದ್ದರೆ ಆಗುವ ನಷ್ಟ ಇದು.

ಇಂದಿನ ತಿಳಿವಳಿಕೆ

ಇದು ನಿಜವಾಗಿಯೂ ಅಪರೂಪದ ಕಾಯಿಲೆ. ಒಂದು ವರ್ಷದಲ್ಲಿ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರಬಹುದು ಎಂಬ ಅಂದಾಜಿದೆ. 40ರಿಂದ 60 ವರ್ಷದವರಲ್ಲಿ, ಅದರಲ್ಲೂ ಗಂಡಸರಲ್ಲಿ ಹೆಚ್ಚು. ಮೂರನೇ ಎರಡರಷ್ಟು ಅಥವಾ ಅದಕ್ಕೂ ಹೆಚ್ಚು ರೋಗಿಗಳಲ್ಲಿ ಹೊರಗಿನ ಯಾವ ಕಾರಣವೂ ಸಿಗುವುದಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿ ಉರಿಯೂತ ಹುಟ್ಟಿಸುತ್ತದೆ ಎಂದು ತಜ್ಞರು ಭಾವಿಸುತ್ತಾರೆ. ಇವರಲ್ಲಿ ಕೆಲವರಿಗೆ ಐಜಿಜಿ4 ಎಂಬ ಪ್ರತಿಕಾಯಕ್ಕೆ ಸಂಬಂಧಿಸಿದ ಕಾಯಿಲೆ ಇರುವುದು ಈ ಶತಮಾನದಲ್ಲಿ ತಿಳಿದುಬಂದಿದೆ. ಉಳಿದವರಲ್ಲಿ ಕೆಲವು ಔಷಧಿಗಳು, ಕ್ಯಾನ್ಸರ್, ಕ್ಷಯದಂತಹ ಸೋಂಕು, ವಿಕಿರಣ ಚಿಕಿತ್ಸೆ ಕಾರಣವಾಗಬಹುದು. ಮೈಗ್ರೇನ್ ತಲೆನೋವಿಗೆ ಹಿಂದೆ ಕೊಡುತ್ತಿದ್ದ ಮೆಥಿಸೆರ್ಜೈಡ್ ಎಂಬ ಮಾತ್ರೆ ಇದನ್ನು ಉಂಟುಮಾಡುವುದು 1960ರ ದಶಕದಲ್ಲಿ ಗೊತ್ತಾಯಿತು. ಧೂಮಪಾನ ಮತ್ತು ಆಸ್ಬೆಸ್ಟಾಸ್ ಧೂಳು ಅಪಾಯವನ್ನು ಹೆಚ್ಚಿಸುತ್ತವೆ.

ಇದರ ಲಕ್ಷಣಗಳು ಮೋಸಗೊಳಿಸುವಂಥವು. ಸೊಂಟದಲ್ಲಿ, ಬೆನ್ನಿನ ಕೆಳಭಾಗದಲ್ಲಿ, ಪಕ್ಕೆಯಲ್ಲಿ ಮಂದವಾದ ನೋವು. ಕೂತರೂ ಮಲಗಿದರೂ ಅದು ಬದಲಾಗದು. ಆಯಾಸ, ತೂಕ ಇಳಿಯುವುದು, ಸಣ್ಣ ಜ್ವರ, ಕಾಲು ಊತ, ರಕ್ತದೊತ್ತಡ ಏರುವುದು, ಮೂತ್ರ ಕಡಿಮೆಯಾಗುವುದು ಕಾಣಬಹುದು. ಬೆನ್ನು ನೋವು ಯಾರಿಗಿಲ್ಲ? ಹಾಗಾಗಿ ನೋವಿನ ಮಾತ್ರೆ ನುಂಗಿ ದಿನ ದೂಡುವುದೇ ಹೆಚ್ಚು. ಬೆನ್ನು ನೋವು ಬಂದವರೆಲ್ಲ ಈ ಕಾಯಿಲೆಗೆ ಹೆದರಬೇಕಾಗಿಲ್ಲ. ಆದರೆ ವಾರಗಟ್ಟಲೆ ಬಿಡದ ನೋವಿನ ಜೊತೆ ಮೇಲಿನ ಲಕ್ಷಣಗಳೂ ಇದ್ದರೆ, ಮೆಡಿಕಲ್ ಶಾಪಿನ ಮಾತ್ರೆಯನ್ನು ನಂಬದೆ ವೈದ್ಯರನ್ನು ಕಾಣಬೇಕು. ಕೆಲವು ನೋವಿನ ಮಾತ್ರೆಗಳು ಸೋತ ಕಿಡ್ನಿಗೆ ಮತ್ತಷ್ಟು ಪೆಟ್ಟು ಕೊಡುತ್ತವೆ. ರಕ್ತದಲ್ಲಿ ಕ್ರಿಯಾಟಿನಿನ್, ಉರಿಯೂತ ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ ಪರೀಕ್ಷೆ, ಅಲ್ಟ್ರಾಸೌಂಡ್, ನಂತರ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್ ಮೂಲಕ ಕಾಯಿಲೆ ಪತ್ತೆಯಾಗುತ್ತದೆ. ಅನುಮಾನವಿದ್ದರೆ ಅಂಗಾಂಶದ ಚೂರು ತೆಗೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ರಾನ್ವಿಯರ್ ಅವರ ಪ್ರಯೋಗಾಲಯದ ಪಾಠ ಇಲ್ಲಿಯೂ ಬೇಕು.

ಚಿಕಿತ್ಸೆಯಲ್ಲಿ ಮೊದಲ ಕೆಲಸ ಕಿಡ್ನಿಯ ಮೇಲಿನ ಒತ್ತಡ ಇಳಿಸುವುದು. ಸಿಸ್ಟೊಸ್ಕೋಪಿನ ಮೂಲಕ ಯುರೇಟರಿನೊಳಗೆ 'ಡಬಲ್ ಜೆ' ಎಂಬ ಸ್ಟೆಂಟ್ ಇಡುತ್ತಾರೆ. ಎರಡೂ ತುದಿಯಲ್ಲಿ ಜೆ ಅಕ್ಷರದಂತೆ ಬಾಗಿರುವ ಈ ನಳಿಗೆ ಬಂದದ್ದು 1970ರ ದಶಕದಲ್ಲಿ. ಅದನ್ನು ಬೇಕಾದ ಕಡೆಗೆ ಬಾಗಿಸಲು ವೈದ್ಯರು ಬಳಸುವುದು ಮತ್ತೆ ಅದೇ ಅಲ್ಬರಾನ್ ಲಿವರ್! ಸ್ಟೆಂಟ್ ಇಡಲು ಆಗದಿದ್ದರೆ ಬೆನ್ನಿನ ಕಡೆಯಿಂದ ಕಿಡ್ನಿಗೆ ನೇರವಾಗಿ ನಳಿಗೆ ಹಾಕುತ್ತಾರೆ.

ಎರಡನೆಯ ಕೆಲಸ ಉರಿಯೂತ ತಗ್ಗಿಸುವುದು. ಕಾರ್ಟಿಸೋನ್ ಅನ್ನು ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಸಂಧಿವಾತದ ರೋಗಿಗೆ ಮೊದಲ ಬಾರಿ ಕೊಟ್ಟದ್ದು ಕೂಡ 1948ರಲ್ಲೇ, ಆರ್ಮಂಡ್ ಅವರ ಲೇಖನ ಬಂದ ವರ್ಷ. ಆ ಕುಟುಂಬದ ಸ್ಟೀರಾಯ್ಡ್ ಔಷಧಿಯಾದ ಪ್ರೆಡ್ನಿಸೋನ್ ಇಂದು ಈ ಕಾಯಿಲೆಯ ಮೊದಲ ಮದ್ದು. ಇಟಲಿಯ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆ ಮರುಕಳಿಸದಂತೆ ತಡೆಯಲು ಟ್ಯಾಮಾಕ್ಸಿಫೆನ್‌ಗಿಂತ ಪ್ರೆಡ್ನಿಸೋನ್ ಮೇಲು ಎಂದು ಕಂಡುಬಂತು. ಸ್ಟೀರಾಯ್ಡ್ ಸಾಲದಿದ್ದಾಗ ಅಥವಾ ಒಗ್ಗದಿದ್ದಾಗ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಬೇರೆ ಔಷಧಿಗಳಿವೆ. ಇವೆಲ್ಲ ತಜ್ಞರ ನಿಗಾದಲ್ಲೇ ನಡೆಯಬೇಕು. ಸ್ಟೀರಾಯ್ಡ್ ಅನ್ನು ತಾವಾಗಿಯೇ ಶುರು ಮಾಡುವುದೂ, ದಿಢೀರನೆ ನಿಲ್ಲಿಸುವುದೂ ಅಪಾಯ.

ಔಷಧಿಯಿಂದ ಆಗದಿದ್ದರೆ ಉಳಿಯುವುದು ಅಲ್ಬರಾನ್ ತೋರಿಸಿದ ದಾರಿ. ಗಟ್ಟಿ ಅಂಗಾಂಶದಿಂದ ಯುರೇಟರನ್ನು ಬಿಡಿಸಿ, ಮತ್ತೆ ಸಿಲುಕದಂತೆ ಪಕ್ಕಕ್ಕೆ ಸರಿಸುತ್ತಾರೆ ಅಥವಾ ಹೊಟ್ಟೆಯೊಳಗಿನ ಕೊಬ್ಬಿನ ಪದರದಿಂದ ಸುತ್ತುತ್ತಾರೆ. ಈಗ ಇದನ್ನು ಸಣ್ಣ ರಂಧ್ರಗಳ ಮೂಲಕ ಲ್ಯಾಪರೋಸ್ಕೋಪ್ ನೆರವಿನಿಂದಲೂ ಮಾಡುತ್ತಾರೆ. ಕಾಯಿಲೆ ಮರಳಿ ಬರಬಹುದಾದ್ದರಿಂದ ರೋಗಿ ವರ್ಷಗಟ್ಟಲೆ ತಪಾಸಣೆಗೆ ಹೋಗುತ್ತಿರಬೇಕು. ಬೇಗ ಪತ್ತೆಯಾದರೆ ಬಹಳ ಮಂದಿಯ ಕಿಡ್ನಿ ಉಳಿಯುತ್ತದೆ. ತಡವಾದರೆ ಡಯಾಲಿಸಿಸ್ ಪಾಲಾಗಬೇಕಾದೀತು.

ನಮಗೊಂದು ಮಾತು

ನಮ್ಮಲ್ಲಿ ನೀಟ್ ಬರೆಯುವವರಿದ್ದಾರೆ, ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಿಷಿಯನ್ ಕೋರ್ಸ್‌ಗಳಿಗೆ ಹೋಗುವವರಿದ್ದಾರೆ. ವಾಣಿಜ್ಯ, ಕಲಾ ವಿಭಾಗಗಳ ಗೆಳೆಯರೂ ಇದನ್ನು ಓದುತ್ತಿದ್ದಾರೆ. ಎಲ್ಲರ ಮನೆಯಲ್ಲೂ ನೋವನ್ನು ಹೇಳಿಕೊಳ್ಳದೆ ದುಡಿಯುವ ಒಬ್ಬ ಅಪ್ಪನೋ ಅಮ್ಮನೋ ಇದ್ದೇ ಇರುತ್ತಾರೆ. ಅವರ ಕಾಲು ಊದಿದೆಯೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು ಕೇಳುವುದಕ್ಕೆ ವೈದ್ಯಕೀಯ ಪದವಿ ಬೇಕಾಗಿಲ್ಲ.

ಅಲ್ಬರಾನ್ ಅವರಿಗೆ ಹೆತ್ತವರ ಆಸರೆ ಇರಲಿಲ್ಲ. ಹುಟ್ಟಿದ ನಾಡಿನಲ್ಲಿ ಯುದ್ಧವಿತ್ತು. ಓದಿದ್ದನ್ನು ಪರಭಾಷೆಯಲ್ಲಿ ಮತ್ತೆ ಓದಬೇಕಾಯಿತು. ಆದರೂ ಅವರು ಕಿಡ್ನಿ ಕೆಟ್ಟಿದೆ ಎಂದು ಕಂಡಾಗ ಅಲ್ಲಿಗೇ ನಿಲ್ಲದೆ, ಅದನ್ನು ಕೆಡಿಸುತ್ತಿರುವುದು ಯಾವುದು ಎಂದು ಸುತ್ತಲೂ ನೋಡಿದರು. ಹಿಂದೆ ಬಿದ್ದ ಸಹಪಾಠಿಯನ್ನು ಕಂಡಾಗ ನಾವೂ ಹಾಗೆ ನೋಡಬಹುದು. ತಪ್ಪು ಅವನದೇ ಇರಬೇಕೆಂದೇನೂ ಇಲ್ಲ. ಅವನನ್ನು ಹಿಂಡುತ್ತಿರುವುದು ಅವನ ಸುತ್ತ ಇರಬಹುದು.

ಮುಂದಿನ ಬಾರಿ ವಿಸರ್ಜನಾಂಗಗಳ ಚಿತ್ರ ಬಿಡಿಸುವಾಗ ಆ ಎರಡು ಗೆರೆಗಳನ್ನು ತುಸು ನಿಧಾನವಾಗಿ ಎಳೆಯಿರಿ.